ದಾಖಲೆಯಲ್ಲಿಲ್ಲದ ಇಪ್ಪತ್ತು ಸೆಕೆಂಡು

ವಾಷಿಂಗ್ಟನ್ನಿಂದ ಬಂದ ವಕೀಲರು ನಮ್ಮ ಆಫೀಸಿಗೆ ಕಾಲಿಟ್ಟು ಮೊದಲು ಕೇಳಿದ್ದು ಒಳ್ಳೆ ಕಾಫಿ ಎಲ್ಲಿ ಸಿಗುತ್ತದೆ ಎಂದು. ಆಮೇಲೆ ಕೇಳಿದ್ದು ಮೀಟಿಂಗ್ ಕೋಣೆಯ ಬಾಗಿಲಿಗೆ ಬೀಗ ಇದೆಯೇ ಎಂದು. ಬೀಗ ಇತ್ತು, ಬೀಗದ ಕೈ ಕಳೆದು ಎಷ್ಟೋ ಕಾಲವಾಗಿತ್ತು. ಕಂಪನಿಯ ಒಡತಿ ಒಳಗಿನಿಂದ ಬಾಗಿಲಿಗೆ ಒಂದು ಕುರ್ಚಿ ಒರಗಿಸಿ, "ಇಷ್ಟು ಸಾಕಲ್ಲ?" ಎಂದರು. ಒಬ್ಬ ಫೆಡರಲ್ ನ್ಯಾಯಾಧೀಶರನ್ನು ಹುದ್ದೆಯಿಂದ ಇಳಿಸುವ ಕೆಲಸದಲ್ಲಿ ನನ್ನ ಪಾಲು ಶುರುವಾದದ್ದು ಹೀಗೆ.

ಎಂಬತ್ತರ ದಶಕದ ಮಧ್ಯಭಾಗ ಅದು. ವಾಲ್ನಟ್ ಕ್ರೀಕಿನ ಒಂದು ಸಣ್ಣ ಕಂಪನಿಯಲ್ಲಿ ನಾನು ಸ್ಟೆನೋಗ್ರಾಫರ್. ಮನೆ ಕ್ಯಾಂಪ್‌ಬೆಲ್‌ನಲ್ಲಿ. ಬೆಳಿಗ್ಗೆ ಫ್ರೀವೇ ಮೇಲೆ ಒಂದು ಗಂಟೆ, ಸಂಜೆ ಒಂದೂವರೆ. ಕೋರ್ಟಿನ ಹೊರಗೆ ವಕೀಲರು ಸಾಕ್ಷಿಗಳನ್ನು ಕೂರಿಸಿಕೊಂಡು, ಪ್ರಮಾಣ ಮಾಡಿಸಿ, ಪ್ರಶ್ನೆ ಕೇಳಿ ಹೇಳಿಕೆ ಪಡೆಯುತ್ತಾರೆ. ಅದಕ್ಕೆ ಡೆಪೊಸಿಷನ್ ಎನ್ನುತ್ತಾರೆ. ಅಲ್ಲಿ ಆಡಿದ ಪ್ರತಿಯೊಂದು ಮಾತನ್ನೂ ಯಂತ್ರದಲ್ಲಿ ಒತ್ತಿಕೊಂಡು, ಆಮೇಲೆ ಟೈಪು ಮಾಡಿ, ಕೊನೆಯ ಪುಟದಲ್ಲಿ ಸಹಿ ಹಾಕಿ ಕೊಡುವುದು ನನ್ನ ಕೆಲಸ. ಯಂತ್ರಕ್ಕೆ ಇಪ್ಪತ್ತೆರಡು ಕೀಲಿ. ಅಕ್ಷರ ಅಕ್ಷರ ಒತ್ತುವುದಲ್ಲ. ಹಾರ್ಮೋನಿಯಂನಲ್ಲಿ ನಾಲ್ಕಾರು ಮನೆ ಒಟ್ಟಿಗೆ ಒತ್ತಿದ ಹಾಗೆ ಒಂದು ಸಲಕ್ಕೆ ಒಂದು ಉಚ್ಚಾರ. ಸದ್ದಾಗುವುದಿಲ್ಲ. ಕಿರಿದಾದ ಕಾಗದದ ಪಟ್ಟಿ ಮಡಿಕೆ ಮಡಿಕೆಯಾಗಿ ಹಿಂದಿನ ತಟ್ಟೆಗೆ ಬೀಳುತ್ತಾ ಹೋಗುತ್ತದೆ. ಕೋಣೆಯಲ್ಲಿರುವವರು ಹತ್ತು ನಿಮಿಷಕ್ಕೆ ನಿಮ್ಮನ್ನು ಮರೆಯುತ್ತಾರೆ, ಮರೆಯಬೇಕು.

ನನಗೆ ಸ್ವಲ್ಪ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಮೈಸೂರಿನ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪೆನ್ಸಿಲ್ ಹಿಡಿದು ಶಾರ್ಟ್‌ಹ್ಯಾಂಡ್ ಕಲಿತವಳು ಇಲ್ಲಿಯವರಿಗಿಂತ ವೇಗವಾಗಿ ಒತ್ತುತ್ತೇನೆ ಎಂಬ ಜಂಬ. ಸಂಸತ್ತಿನವರ ಕೆಲಸ ಬಂದಾಗ ಒಡತಿ ನನ್ನನ್ನೇ ಹಾಕಿದ್ದಕ್ಕೆ ಅದೇ ಕಾರಣ.

ಇಲ್ಲಿ ಫೆಡರಲ್, ಅಂದರೆ ಕೇಂದ್ರದ ಕೋರ್ಟಿನ, ನ್ಯಾಯಾಧೀಶರ ನೇಮಕ ಜೀವನಪೂರ್ತಿ. ಅವರನ್ನು ಅಧ್ಯಕ್ಷರೂ ತೆಗೆಯುವಂತಿಲ್ಲ, ಮೇಲಿನ ಕೋರ್ಟೂ ತೆಗೆಯುವಂತಿಲ್ಲ. ಮಹಾಭಿಯೋಗವೊಂದೇ ದಾರಿ. ಮೊದಲು ಪ್ರತಿನಿಧಿಗಳ ಸಭೆಯಲ್ಲಿ ಯಾರಾದರೂ ಒಂದು ನಿರ್ಣಯ ಮಂಡಿಸಬೇಕು. ಅದು ನ್ಯಾಯಾಂಗ ಸಮಿತಿಗೆ, ಅಲ್ಲಿಂದ ಒಂದು ಉಪಸಮಿತಿಗೆ ಹೋಗುತ್ತದೆ. ಉಪಸಮಿತಿಯ ವಕೀಲರು ಊರೂರು ತಿರುಗಿ ಸಾಕ್ಷಿಗಳ ಹೇಳಿಕೆ ಪಡೆಯುತ್ತಾರೆ. ಅದರ ಮೇಲೆ ಆರೋಪಗಳನ್ನು ಒಂದೊಂದಾಗಿ ಬರೆದು ಉಪಸಮಿತಿ, ಸಮಿತಿ, ಆಮೇಲೆ ಇಡೀ ಸಭೆ ಮತ ಹಾಕಬೇಕು. ಸಭೆ ಒಪ್ಪಿದರೆ ವಿಚಾರಣೆ ಸೆನೆಟ್ಟಿನಲ್ಲಿ. ಅಲ್ಲಿ ಮೂರರಲ್ಲಿ ಎರಡು ಪಾಲು ಮತ ಬಿದ್ದರೆ ಮಾತ್ರ ಮನುಷ್ಯ ಕುರ್ಚಿ ಬಿಟ್ಟು ಏಳಬೇಕು. ಇಷ್ಟೆಲ್ಲ ಮೆಟ್ಟಿಲಿನಲ್ಲಿ ನಾವಿದ್ದದ್ದು ಕೆಳಗಿನಿಂದ ಎರಡನೆಯದರಲ್ಲಿ.

ಆರೋಪ ಸರಳವಾಗಿತ್ತು. ಪ್ಲೆಸೆಂಟನ್ನಿನಲ್ಲಿ ಹೊಲಗಳನ್ನು ಕೊಂಡು ಆಫೀಸು ಪಾರ್ಕು ಕಟ್ಟುತ್ತಿದ್ದ ಒಬ್ಬ ಬಿಲ್ಡರ್ ಇದ್ದ. ಅವನ ಜಮೀನಿನ ಮೊಕದ್ದಮೆ ಈ ನ್ಯಾಯಾಧೀಶರ ಮುಂದೆ ನಡೆದು, ತೀರ್ಪು ಅವನ ಕಡೆಗಾಯಿತು. ದೂರು ಬಂದಾಗ ನ್ಯಾಯಾಧೀಶರು, ಕೋರ್ಟಿನ ಹೊರಗೆ ನಾನು ಆ ಮನುಷ್ಯನನ್ನು ನೋಡಿಯೇ ಇಲ್ಲ ಎಂದು ಪ್ರಮಾಣ ಮಾಡಿ ಹೇಳಿದ್ದರು. ಮೊಕದ್ದಮೆ ನಡೆಯುತ್ತಿದ್ದಾಗ ಮೂರು ಶನಿವಾರ ಅವರು ಬಿಲ್ಡರನ ಆಫೀಸಿಗೇ ಹೋಗಿದ್ದರು ಎಂದು ಸಮಿತಿಗೆ ಯಾರೋ ತಿಳಿಸಿದ್ದರು. ಅದನ್ನು ಸಾಬೀತು ಮಾಡುವಂಥದ್ದು ಒಂದೇ ವಸ್ತು: ಮುಂಬಾಗಿಲಿನ ಮೇಜಿನ ಮೇಲೆ ಬಂದವರ ಹೆಸರು ಬರೆಯುವ ರೆಜಿಸ್ಟರು. ಸಮನ್ಸ್ ಕಳಿಸಿದ ಮೇಲೆ ರೆಜಿಸ್ಟರೇನೋ ಬಂತು. ಆ ಮೂರು ಶನಿವಾರಗಳಿದ್ದ ಹಾಳೆ ಅದರಲ್ಲಿ ಇರಲಿಲ್ಲ.

ಮೊದಲ ಮೂರು ಸಾಕ್ಷಿಗಳ ಹೇಳಿಕೆ ಏನೂ ತೊಂದರೆಯಿಲ್ಲದೆ ಮುಗಿಯಿತು. ನಾಲ್ಕನೆಯವರು ಆ ರೆಜಿಸ್ಟರು ಬರೆಯುತ್ತಿದ್ದವರು.

ಅರವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಷರ್ಟು, ಕಿಸೆಯಲ್ಲಿ ಎರಡು ಪೆನ್ನು. ವಕೀಲರನ್ನು ಕರೆತಂದಿರಲಿಲ್ಲ. ಕಾರಿಡಾರಿನಲ್ಲಿ ನನ್ನ ಕುಂಕುಮ ನೋಡಿ, ಎದೆಯ ಮೇಲಿನ ಹೆಸರಿನ ಪಟ್ಟಿ ಓದಿ, ನೇರ ಕನ್ನಡದಲ್ಲೇ ಕೇಳಿದರು.

"ನೀವು ಮೈಸೂರು ಕಡೆಯವ್ರಾ?"

"ಹೌದು ಸಾರ್. ನೀವು?"

"ಉಡುಪಿ. ಬ್ಯಾಂಕಿನಲ್ಲಿ ಇದ್ದವ, ಹೆಡ್ ಕ್ಲಾರ್ಕ್. ನಿಮ್ಮನ್ನು ನೋಡಿ ಧೈರ್ಯ ಬಂತು ಮಾರಾಯ್ರೆ."

ಸಾಕ್ಷಿಗಳ ಜತೆ ಸ್ಟೆನೋಗ್ರಾಫರ್ ನಮಸ್ಕಾರಕ್ಕಿಂತ ಹೆಚ್ಚು ಮಾತಾಡಬಾರದು. ಗೊತ್ತಿದ್ದೂ ಉತ್ತರ ಕೊಟ್ಟೆ. ಹಿರಿಯರು ಊರು ಕೇಳಿದರೆ ಉತ್ತರ ಕೊಡದೆ ಹೋಗುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಸಾಕ್ಷಿಗೆ ಪ್ರಮಾಣ ಬೋಧಿಸುವವಳೂ ಸ್ಟೆನೋಗ್ರಾಫರೇ. ಹಿರಿಯರು ಬಲಗೈ ಎತ್ತಿದರು, ನಾನು ಹೇಳಿಸಿದೆ. ಮೇಜಿನ ಒಂದು ಪಕ್ಕ ಸಮಿತಿಯ ವಕೀಲರು, ಎದುರಿಗೆ ನ್ಯಾಯಾಧೀಶರ ವಕೀಲರು. ಹೇಳಿಕೆಗಳಿಗೆ ಹಾಜರಿರಲು ಸಮಿತಿ ಅವರಿಗೆ ಅವಕಾಶ ಕೊಟ್ಟಿತ್ತು. ದೊಡ್ಡ ಮೈಯ, ಬಹಳ ಮರ್ಯಾದೆಯ ಮನುಷ್ಯ. ಹಳದಿ ಪ್ಯಾಡಿನ ಮೇಲೆ ಏನಾದರೂ ಬರೆಯುತ್ತಲೇ ಇರುತ್ತಿದ್ದರು.

ಒಂದು ಗಂಟೆ ಸರಿಯಾಗೇ ನಡೆಯಿತು. ರೆಜಿಸ್ಟರು ನಿಮ್ಮದೇ ಕೈಬರಹವೇ, ಹೌದು. ಶನಿವಾರವೂ ಬರೆಯುತ್ತಿದ್ದಿರಾ, ಯಾರು ಬಂದರೂ ಬರೆಯುತ್ತಿದ್ದೆ, ಬ್ಯಾಂಕಿನ ಅಭ್ಯಾಸ. ಆಮೇಲೆ ಸಮಿತಿಯ ವಕೀಲರು ಕೇಳಬೇಕಾದ್ದನ್ನು ಕೇಳಿದರು.

"ಆ ಮೂರು ಶನಿವಾರಗಳ ಹಾಳೆ ಎಲ್ಲಿ ಹೋಯಿತು ಎಂದು ನಿಮಗೆ ಗೊತ್ತೇ?"

"ಗೊತ್ತಿಲ್ಲ."

ವಕೀಲರು ಕಾಗದ ಹುಡುಕಲು ಕೆಳಗಿಟ್ಟಿದ್ದ ಪೆಟ್ಟಿಗೆಗೆ ಬಗ್ಗಿದರು. ಹಿರಿಯರು ನನ್ನ ಕಡೆ ತಿರುಗಿದರು. ಮುಖ ಬಿಳಿಚಿಕೊಂಡಿತ್ತು. ಮೆಲುದನಿಯಲ್ಲಿ ಕನ್ನಡದಲ್ಲಿ ಹೇಳಿದರು:

"ಅಮ್ಮ, ಇದನ್ನು ನೀವು ಬರೀಬೇಡಿ. ಆ ಹಾಳೆ ನನ್ನ ಹತ್ರವೇ ಉಂಟು. ಮಗಳ ಗ್ರೀನ್ ಕಾರ್ಡು ಆ ಕಂಪನಿಯವರ ಕೈಯಲ್ಲುಂಟು. ನಾನು ಎಂತ ಮಾಡ್ಲಿ ಹೇಳಿ."

ನನ್ನ ಕೈ ಕೀಲಿಗಳ ಮೇಲಿಂದ ಎದ್ದಿತು.

ಕೈ ನಿಲ್ಲಿಸಲು ನಮಗೆ ಒಂದೇ ಸಂದರ್ಭದಲ್ಲಿ ಅನುಮತಿ. ಎರಡೂ ಕಡೆಯ ವಕೀಲರು 'ದಾಖಲೆ ಬೇಡ' ಎಂದು ಒಪ್ಪಬೇಕು. ಸಾಕ್ಷಿ ಬೇಡಿಕೊಂಡರೆ ನಿಲ್ಲಿಸುವಂತಿಲ್ಲ. ಅತ್ತರೆ ಅತ್ತರು ಎಂದು ಬರೆಯುತ್ತೇವೆ. ಬೇರೆ ಭಾಷೆಯಲ್ಲಿ ಮಾತಾಡಿದರೆ, ಬೇರೆ ಭಾಷೆಯಲ್ಲಿ ಮಾತಾಡಿದರು ಎಂದು ಕಂಸದಲ್ಲಿ ಹಾಕುತ್ತೇವೆ. ಅಷ್ಟು ವರ್ಷದಲ್ಲಿ ಜಗಳ, ಬೈಗುಳ ಯಾವುದಕ್ಕೂ ನಿಲ್ಲದ ಕೈ, ವಯಸ್ಸಾದವರೊಬ್ಬರು ಅಮ್ಮ ಎಂದು ಕರೆದು ಬೇಡ ಅಂದದ್ದಕ್ಕೆ ನಿಂತಿತು.

ಸಮಿತಿಯ ವಕೀಲರು ತಲೆ ಎತ್ತಿದರು. "ಏನಾದರೂ ಹೇಳಿದಿರಾ?"

"ನೀರು ಕೇಳಿದೆ," ಎಂದರು ಹಿರಿಯರು ಇಂಗ್ಲಿಷಿನಲ್ಲಿ.

ಕೈ ತಾನಾಗಿ ಕೀಲಿಗಳಿಗೆ ಮರಳಿ ಆ ಪ್ರಶ್ನೆಯನ್ನೂ ಆ ಉತ್ತರವನ್ನೂ ತಪ್ಪಿಲ್ಲದೆ ಒತ್ತಿತು. ಆಮೇಲೆ ಎದ್ದು ಹೋಗಿ ಜಗ್ಗಿನಿಂದ ನೀರು ಬಗ್ಗಿಸಿ ತಂದುಕೊಟ್ಟೆ. ನಿಜವನ್ನು ಬರೆಯದೆ ಬಿಟ್ಟಿದ್ದೆ, ಸುಳ್ಳನ್ನು ಅಚ್ಚುಕಟ್ಟಾಗಿ ಬರೆದಿದ್ದೆ. ಕೂರುವಾಗ ನೋಡಿದರೆ ನ್ಯಾಯಾಧೀಶರ ವಕೀಲರು ಗೋಡೆ ಗಡಿಯಾರ ನೋಡಿ ಹಳದಿ ಪ್ಯಾಡಿನಲ್ಲಿ ಒಂದು ಸಾಲು ಬರೆಯುತ್ತಿದ್ದರು. ಇಪ್ಪತ್ತು ಸೆಕೆಂಡು ಎಂದು ಆಮೇಲೆ ಗೊತ್ತಾಯಿತು. ಅದು ಅವರ ಲೆಕ್ಕ.

ಟೈಪು ಮಾಡಿ ಕೊಡಲು ಹತ್ತು ದಿನ ಇತ್ತು. ಕೊನೆಯ ಪುಟದ ಪ್ರಮಾಣಪತ್ರದಲ್ಲಿ, ಇದು ಅಂದು ನಡೆದ ಮಾತುಕತೆಯ ಪೂರ್ಣ, ಸತ್ಯ, ಸರಿಯಾದ ದಾಖಲೆ ಎಂಬ ವಾಕ್ಯ ಇರುತ್ತದೆ. ಅದರ ಕೆಳಗೆ ನನ್ನ ಸಹಿ, ಲೈಸೆನ್ಸ್ ನಂಬರು. ಎಷ್ಟೋ ನೂರು ಸಲ ಓದದೆಯೇ ಸಹಿ ಹಾಕಿದ್ದ ವಾಕ್ಯ. ಈ ಸಲ 'ಪೂರ್ಣ' ಎಂಬಲ್ಲಿ ಪೆನ್ನು ನಿಂತಿತು.

ಮೂರನೆಯ ದಿನ ಒಡತಿಗೆ ಹೇಳಿದೆ. ಹಿರಿಯರು ಹೇಳಿದ್ದೇನೆಂದು ಹೇಳಲಿಲ್ಲ, ಕನ್ನಡದಲ್ಲಿ ಮಾತಾಡಿದರು, ನನ್ನ ಕೈ ನಿಂತಿತು ಎಂದಷ್ಟೇ. ಮೂವತ್ತು ವರ್ಷ ಕೋರ್ಟುಗಳಲ್ಲಿ ಇದೇ ಕೆಲಸ ಮಾಡಿದವರು ಅವರು. ಸಿಗರೇಟು ಆರಿಸಿ ಹೇಳಿದರು:

"ಕಂಸದಲ್ಲಿ ಹಾಕು. ಸಾಕ್ಷಿ ಸ್ಟೆನೋಗ್ರಾಫರ್ ಜತೆ ಬೇರೊಂದು ಭಾಷೆಯಲ್ಲಿ ಮಾತಾಡಿದರು. ನಿಯಮ ಕೇಳೋದು ಅಷ್ಟೇ. ನೀನು ದುಭಾಷಿ ಅಲ್ಲ."

"ಅವರು ಹೇಳಿದ್ದು ನನಗೆ ಅರ್ಥ ಆಗಿದೆಯಲ್ಲ?"

"ನಿನಗೆ ಅರ್ಥ ಆಗಿದ್ದನ್ನು ಬರಿ ಅಂತ ಯಾರೂ ಸಂಬಳ ಕೊಡ್ತಿಲ್ಲ."

ನನಗೆ ಬೇಕಾಗಿದ್ದ ಉತ್ತರವೇ ಅದು. ಕಂಸದ ವಾಕ್ಯ ಸುಳ್ಳಲ್ಲ. ಅದನ್ನು ನಲವತ್ತೊಂದನೆಯ ಪುಟದಲ್ಲಿ ಸೇರಿಸಿದೆ. ಅದರ ಕೆಳಗಿನ ಸಾಲಿನಲ್ಲಿ 'ನೀರು ಕೇಳಿದೆ' ಎಂದಿತ್ತು. ಎರಡು ರಾತ್ರಿ ನಿದ್ದೆ ಚೆನ್ನಾಗಿ ಬಂತು. ಅತ್ತ ಒಬ್ಬ ಹುಡುಗಿಯ ಬದುಕು, ಇತ್ತ ಒಬ್ಬ ನ್ಯಾಯಾಧೀಶ; ನಾನು ಯಾರ ದಾರಿಗೂ ಅಡ್ಡ ಬಂದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮನೆಯಲ್ಲಿ ಯಜಮಾನರಿಗೆ ಹೇಳಿದರೆ, "ನಿನಗ್ಯಾಕೆ ಊರ ಉಸಾಬರಿ?" ಎಂದು ಟೀವಿ ಜೋರು ಮಾಡಿದರು.

ಆರನೆಯ ದಿನ ಹಿರಿಯರು ಆಫೀಸಿಗೆ ಬಂದರು. ಸಾಕ್ಷಿಗೆ ತನ್ನ ಹೇಳಿಕೆಯನ್ನು ಓದಿ ಸಹಿ ಹಾಕುವ ಹಕ್ಕಿದೆ. ಏನಾದರೂ ತಪ್ಪಿದ್ದರೆ ಅದಕ್ಕೆಂದೇ ಇರುವ ತಿದ್ದುಪಡಿ ಹಾಳೆಯಲ್ಲಿ ಪುಟ, ಸಾಲು, ಏನಾಗಬೇಕು, ಯಾಕೆ ಎಂದು ಬರೆಯಬಹುದು. ಮೀಟಿಂಗ್ ಕೋಣೆಯಲ್ಲಿ ಕೂರಿಸಿ ಕಟ್ಟು ಮುಂದಿಟ್ಟೆ. ಅವರು ಕೈಚೀಲದಿಂದ ಬಟ್ಟೆ ಸುತ್ತಿದ ಒಂದು ಬಾಟಲಿ ತೆಗೆದು ನನ್ನ ಮುಂದಿಟ್ಟರು.

"ಮಿಡಿ ಉಪ್ಪಿನಕಾಯಿ. ಊರಿನಿಂದ ಬಂದದ್ದು. ನಿಮ್ಮ ಉಪಕಾರ ಮರೀಲಿಕ್ಕಿಲ್ಲ."

ಅವರ ಮುಖದಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ. ಯಾರ ಮನೆಗಾದರೂ ಬರಿಗೈಲಿ ಹೋಗದ ಮನುಷ್ಯ, ಇಲ್ಲಿಗೂ ಹಾಗೇ ಬಂದಿದ್ದರು. ಆರು ದಿನದಿಂದ ನಾನು ಯಾರ ಕಡೆಯೂ ಅಲ್ಲ ಎಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ನಾನು ಅವರ ಕಡೆಯವಳು. ಅವರ ಲೆಕ್ಕವೇ ಸರಿ ಇತ್ತು.

"ಇದನ್ನ ನಾನು ತಗೊಳ್ಳೋ ಹಾಗಿಲ್ಲ ಸಾರ್."

"ಬರೇ ಉಪ್ಪಿನಕಾಯಿ ಅಲ್ವಾ?"

"ಅದಕ್ಕೇ ತಗೊಳ್ಳೋ ಹಾಗಿಲ್ಲ. ನೀವು ಅವತ್ತು ಅಂದಿದ್ದನ್ನ ನಾನು ಬರೆದು ಕಳಿಸ್ಬೇಕಾಗುತ್ತೆ ಸಾರ್. ಕಂಸದಲ್ಲಿ ಹಾಕಿ ಸುಮ್ಮನಿರೋಕೆ ನನ್ನಿಂದ ಆಗ್ತಿಲ್ಲ."

ಅವರು ಬಹಳ ಹೊತ್ತು ಬಾಟಲಿಯ ಬಟ್ಟೆಯ ಗಂಟನ್ನೇ ಸರಿಮಾಡುತ್ತಾ ಕೂತರು. ಆಮೇಲೆ ಹೇಳಿದರು. ಅಮೆರಿಕದ ಪ್ರಜೆಯಾಗಿದ್ದ ಹಿರಿಮಗನ ಮೂಲಕ ತಮಗೆ ಗ್ರೀನ್ ಕಾರ್ಡು ಸಿಕ್ಕಿತ್ತು. ಮಗಳಿಗೆ ಆ ದಾರಿಯಲ್ಲಿ ವರ್ಷಾನುಗಟ್ಟಲೆ ಕಾಯಬೇಕು. ಅವಳು ಸಿವಿಲ್ ಇಂಜಿನಿಯರು, ಬಿಲ್ಡರನ ಕಂಪನಿಯಲ್ಲೇ ಕೆಲಸ, ಅರ್ಜಿ ಹಾಕಿದ್ದು ಕಂಪನಿ. ಅವರು ವಾಪಸ್ ತೆಗೆದುಕೊಂಡರೆ ದೇಶ ಬಿಡಬೇಕು. ಅಪ್ಪನಿಗೆ ಮುಂಬಾಗಿಲ ಕೆಲಸ ಕೊಡಿಸಿದ್ದೂ ಅವಳೇ.

"ಹಾಳೆಯನ್ನು ಯಾಕೆ ಇಟ್ಕೊಂಡ್ರಿ ಸಾರ್?" ಕೇಳಬಾರದಿತ್ತು, ಕೇಳಿದೆ.

"ಕಂಪನಿಯವರು ಹರಿದು ತೆಗೀರಿ ಅಂದ್ರು, ತೆಗೆದೆ. ಸುಡಿ ಅಂದ್ರು. ಸುಡ್ಲಿಕ್ಕೆ ಕೈ ಬರ್ಲಿಲ್ಲ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಒಂದು ವೋಚರ್ ಸುಟ್ಟವ ಅಲ್ಲ ನಾನು." ಬಾಟಲಿಯನ್ನು ಪಕ್ಕಕ್ಕೆ ಸರಿಸಿ, "ಅಲ್ಲಿ ಇಷ್ಟು ಜನ ಕೂತಿದ್ರು. ನಮ್ಮವರು ಅಂತ ಇದ್ದದ್ದು ನೀವೊಬ್ರೇ. ಯಾರಿಗಾದ್ರೂ ಹೇಳದಿದ್ರೆ ಎದೆ ಒಡೀತಿತ್ತು. ಅದಕ್ಕೆ ಹೇಳಿದ್ದು," ಎಂದರು.

ತಿದ್ದುಪಡಿ ಹಾಳೆಯನ್ನು ಅವರ ಕಡೆ ಸರಿಸಿದೆ. ಏನು ಬರೆಯಬೇಕೆಂದು ನಾನು ಹೇಳುವಂತಿಲ್ಲ, ಬರೆಯುವ ಹಕ್ಕು ನಿಮಗಿದೆ ಎಂದಷ್ಟೇ ಹೇಳಿದೆ. ಒಂದೂವರೆ ಗಂಟೆ ಕನ್ನಡಕ ಏರಿಸಿ ಇಳಿಸಿ ಪ್ರತಿಯೊಂದು ಸಾಲನ್ನೂ ಓದಿದರು. ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಎಂದಿದ್ದುದನ್ನು ಮೂವತ್ತೆರಡು ಎಂದು ತಿದ್ದಿ, ಕಾರಣದ ಜಾಗದಲ್ಲಿ 'ನಾನು ಅಂದು ತಪ್ಪಾಗಿ ಹೇಳಿದೆ' ಎಂದು ಬರೆದರು. ನಲವತ್ತೊಂದನೆಯ ಪುಟವನ್ನು ಎರಡು ಸಲ ಓದಿದರು. ಅದನ್ನು ಮುಟ್ಟಲಿಲ್ಲ. ಸಹಿ ಹಾಕಿ, ಬಾಟಲಿಯನ್ನು ಚೀಲಕ್ಕೆ ಸೇರಿಸಿ, "ನಿಮ್ಮ ಧರ್ಮ ನಿಮಗೆ," ಎಂದು ಎದ್ದು ಹೋದರು.

ಅವತ್ತು ಮಧ್ಯಾಹ್ನವೇ ನನ್ನ ಹೇಳಿಕೆ ಟೈಪು ಮಾಡಿದೆ. ಒಂದೇ ಪುಟ. ಇಂಥ ಪ್ರಶ್ನೆಯ ಬಳಿಕ ಸಾಕ್ಷಿ ಕನ್ನಡದಲ್ಲಿ ಹೀಗೆ ಹೇಳಿದರು, ನಾನು ದಾಖಲೆ ಮಾಡಲಿಲ್ಲ, ನೀರು ಕೇಳಿದ್ದು ನಿಜವಲ್ಲ. ಕಾರಿಡಾರಿನ ಮಾತನ್ನೂ ಉಪ್ಪಿನಕಾಯಿಯನ್ನೂ ಸೇರಿಸಿದೆ. ನೋಟರಿಯ ಮುಂದೆ ಸಹಿ ಹಾಕಿ ಎರಡೂ ಕಡೆಯ ವಕೀಲರಿಗೆ ಒಂದೇ ದಿನ ಕಳಿಸಿದೆ.

ವಾಷಿಂಗ್ಟನ್ನಿನ ವಕೀಲರು ಫೋನ್ ಮಾಡಿದರು. ನಾನು ಹೊಗಳಿಕೆಯನ್ನೇನೂ ನಿರೀಕ್ಷಿಸಿರಲಿಲ್ಲ, ಬಂದದ್ದು ಅದಕ್ಕಿಂತ ಖಾರವಾಗಿತ್ತು. "ಇನ್ನು ಮೇಲೆ ನೀವು ನಮ್ಮ ಸ್ಟೆನೋಗ್ರಾಫರ್ ಅಲ್ಲ, ನಮ್ಮ ಸಾಕ್ಷಿ. ಅವತ್ತೇ ಬಾಯಿ ಬಿಟ್ಟಿದ್ದರೆ ಅರ್ಧ ಗಂಟೆಯ ಕೆಲಸವಾಗಿತ್ತು," ಎಂದರು. ಅದು ಸರಿಯೇ. ನ್ಯಾಯಾಧೀಶರ ವಕೀಲರು ಸುಮ್ಮನಿರಲಿಲ್ಲ. ಸಾಕ್ಷಿಯ ಜತೆ ಗುಟ್ಟಾಗಿ ಮಾತಾಡಿದ ಸ್ಟೆನೋಗ್ರಾಫರ್ ಬರೆದದ್ದು ಯಾವುದನ್ನೂ ನಂಬುವಂತಿಲ್ಲ, ನಾಲ್ಕೂ ಹೇಳಿಕೆ ರದ್ದಾಗಬೇಕು ಎಂದು ಆಕ್ಷೇಪಣೆ ಹಾಕಿದರು. ಉಪಸಮಿತಿ ತನ್ನ ಸಭೆಯನ್ನು ಮುಂದೂಡಿತು. ಮೊದಲ ಮೂವರನ್ನು ಮತ್ತೆ ಕರೆಸಿ, ಬೇರೊಬ್ಬರನ್ನು ಕೂರಿಸಿ, ಅವವೇ ಪ್ರಶ್ನೆ ಕೇಳಬೇಕಾಯಿತು. ಅವರಲ್ಲೊಬ್ಬ ಮೊದಲ ಸಲ ಗೊತ್ತು ಎಂದದ್ದನ್ನೆಲ್ಲ ಎರಡನೆಯ ಸಲ ನೆನಪಿಲ್ಲ ಎಂದ. ಮಧ್ಯೆ ಸಿಕ್ಕ ವಾರಗಳಲ್ಲಿ ಅವನಿಗೆ ಯಾರೋ ಬುದ್ಧಿ ಹೇಳಿದ್ದಿರಬೇಕು. ಆ ವಾರಗಳನ್ನು ದೊರಕಿಸಿಕೊಟ್ಟವಳು ನಾನು.

ನಮ್ಮ ಕಂಪನಿಯ ಕೈಯಿಂದ ಆ ಕೆಲಸ ಹೋಯಿತು. ಒಡತಿ ಕೂಗಾಡಲಿಲ್ಲ. ಗೋಡೆಯ ಬೋರ್ಡಿನ ಮೇಲೆ ಆ ತಿಂಗಳು ನನ್ನ ಹೆಸರಿನ ಮುಂದಿದ್ದದ್ದನ್ನೆಲ್ಲ ಡಸ್ಟರಿನಿಂದ ಒರೆಸಿದರು. ನಿಧಾನವಾಗಿ, ಒಂದೊಂದು ಸಾಲಾಗಿ.

ಹಿರಿಯರ ಮನೆಗೆ ಹಾಳೆಗಾಗಿ ಸಮನ್ಸ್ ಹೋಯಿತು. ಅವರು ಬಚ್ಚಿಡಲಿಲ್ಲ. ಪಂಚಾಂಗದೊಳಗಿಂದ ತೆಗೆದು, ರಸೀತಿ ಬರೆಸಿಕೊಂಡು ಕೊಟ್ಟರಂತೆ. ಮೂರು ಶನಿವಾರ, ಮೂರು ಸಲ ನ್ಯಾಯಾಧೀಶರ ಹೆಸರು, ಬಂದ ಹೊತ್ತು, ಹೋದ ಹೊತ್ತು. ನಾನು ಆ ಹಾಳೆಯನ್ನು ಕಣ್ಣಿನಿಂದ ಕಂಡಿಲ್ಲ.

ಮುಂದಿನದು ನನ್ನ ಸರದಿ. ಸ್ಯಾನ್ ಫ್ರಾನ್ಸಿಸ್ಕೋದ ಸರಕಾರಿ ಕಟ್ಟಡದ ಒಂದು ಕೋಣೆ. ಸಾಕ್ಷಿಯ ಕುರ್ಚಿಯಲ್ಲಿ ನಾನು ಅದುವರೆಗೆ ಕೂತವಳಲ್ಲ. ಅದು ಯಂತ್ರದ ಕಡೆಗೆ ಸ್ವಲ್ಪ ಓರೆಯಾಗಿರುತ್ತದೆ ಎಂಬುದು ಅವತ್ತೇ ಗೊತ್ತಾದದ್ದು. ನನಗೆ ಪ್ರಮಾಣ ಬೋಧಿಸಿದ ಸ್ಟೆನೋಗ್ರಾಫರ್ ಚಿಕ್ಕ ವಯಸ್ಸಿನವಳು. ನಾನು ಉತ್ತರ ಕೊಡುವುದು ಬಿಟ್ಟು ಅವಳ ಬೆರಳು ನೋಡುತ್ತಿದ್ದೆ. ಹಿರಿಯರ ಮಾತನ್ನು ಮೊದಲು ಕನ್ನಡದಲ್ಲಿ ಹೇಳಿಸಿದರು, ಆಮೇಲೆ ಇಂಗ್ಲಿಷಿನಲ್ಲಿ. ಸಮಿತಿಯ ವಕೀಲರ ಪ್ರಶ್ನೆಗಳು ಬೇಗ ಮುಗಿದವು. ನ್ಯಾಯಾಧೀಶರ ವಕೀಲರು ಹಳದಿ ಪ್ಯಾಡ್ ತಿರುಗಿಸಿದರು.

"ಸಾಕ್ಷಿ ಹೇಳಿದ್ದನ್ನು ಹೇಳಿದಿರಿ. ನೀವೂ ಏನೋ ಅಂದಿರಿ. ನಾನು ಅಲ್ಲೇ ಇದ್ದೆ. ಏನಂದಿರಿ?"

ಇಲ್ಲಿಯವರೆಗೆ ಓದಿದವರಿಗೂ ನಾನು ಅದನ್ನು ಹೇಳಿಲ್ಲ. ನೋಟರಿಯ ಮುಂದೆ ಸಹಿ ಹಾಕಿದ ಹೇಳಿಕೆಯಲ್ಲೂ ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ. ಟೈಪು ಮಾಡಿ, ಹೊಡೆದುಹಾಕಿ, ಹೊಸ ಹಾಳೆ ಹಾಕಿಕೊಂಡಿದ್ದೆ.

"'ಆಯ್ತು ಸಾರ್' ಅಂದೆ."

"ಅಂದರೆ?"

"ಬರೆಯೋದಿಲ್ಲ ಅಂತ ಒಪ್ಪಿಕೊಂಡೆ."

"ಅಂದರೆ ಮಾತು ಕೊಟ್ಟಿರಿ."

"ಹೌದು."

"ಕೊಟ್ಟ ಮಾತು ಮುರಿದಿರಿ. ಅದಕ್ಕೆ ಮೊದಲು ನಿಮ್ಮ ಕೆಲಸದ ಪ್ರಮಾಣ ಮುರಿದಿದ್ದಿರಿ. ಈವತ್ತಿನ ಪ್ರಮಾಣವನ್ನು ಈ ಸಮಿತಿ ಯಾಕೆ ನಂಬಬೇಕು?"

ಸಮಿತಿಯ ವಕೀಲರು ಆಕ್ಷೇಪಿಸಿದರು. ಆಕ್ಷೇಪಣೆ ದಾಖಲಾದ ಮೇಲೂ ಸಾಕ್ಷಿ ಉತ್ತರ ಕೊಡಬೇಕು, ಅದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ನನ್ನನ್ನು ನಂಬಬೇಕಾಗಿಲ್ಲ. ಹಾಳೆ ಇದೆಯಲ್ಲ," ಎಂದೆ. ಆ ಹುಡುಗಿಯ ಬೆರಳು ಅದನ್ನೂ ಒತ್ತಿತು. ಮನೆಗೆ ಹೋಗುವ ದಾರಿಯಲ್ಲಿ ಕಾರನ್ನು ಫ್ರೀವೇ ಪಕ್ಕ ನಿಲ್ಲಿಸಿ ಅತ್ತೆ.

ಉಪಸಮಿತಿ ಕೊನೆಗೂ ಸೇರಿತು. ನಾಲ್ಕು ಆರೋಪಗಳನ್ನು ಬರೆಯಿತು. ಪ್ರಮಾಣ ಮಾಡಿ ಸುಳ್ಳು ಹೇಳಿದರೆಂಬುದು ಮೊದಲನೆಯದು, ಅದು ನಿಂತಿದ್ದದ್ದು ಆ ಹಾಳೆಯ ಮೇಲೆ. ಮತ ಹಾಕಿ ಪೂರ್ಣ ಸಮಿತಿಗೆ ಕಳಿಸಿತು. ಸಮಿತಿ ಮತ ಹಾಕುವ ಮುಂಚಿನ ವಾರ ನ್ಯಾಯಾಧೀಶರು ಅಧ್ಯಕ್ಷರಿಗೆ ಎರಡು ಸಾಲಿನ ರಾಜೀನಾಮೆ ಪತ್ರ ಬರೆದರು. ಮಹಾಭಿಯೋಗ ನಡೆಯುವುದು ಕುರ್ಚಿ ಖಾಲಿ ಮಾಡಿಸಲಿಕ್ಕೆ. ಕುರ್ಚಿ ತಾನಾಗಿ ಖಾಲಿಯಾದ ಮೇಲೆ ನಿರ್ಣಯವನ್ನು ಬದಿಗಿಟ್ಟರು. ಸಭೆಯಲ್ಲಿ ಯಾರೂ ಆ ಹಾಳೆಯನ್ನು ಓದಲಿಲ್ಲ, ಸೆನೆಟ್ಟಿನವರೆಗೆ ಅದು ಹೋಗಲೇ ಇಲ್ಲ. ಲೈಸೆನ್ಸ್ ಮಂಡಳಿ ನನಗೆ ಎಚ್ಚರಿಕೆಯ ಪತ್ರ ಕೊಟ್ಟು ಒಂದು ಪ್ರತಿಯನ್ನು ನನ್ನ ಫೈಲಿನಲ್ಲಿಟ್ಟುಕೊಂಡಿತು.

ಒಂದು ಭಾನುವಾರ ಮಧ್ಯಾಹ್ನ ಕ್ಯಾಂಪ್‌ಬೆಲ್‌ನ ನಮ್ಮ ಮನೆಯ ಕರೆಗಂಟೆ ಸದ್ದಾಯಿತು. ಬಾಗಿಲು ತೆಗೆದ ನನ್ನ ಮಗಳು ಯಾರೋ ಲೇಡಿ ಬಂದಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೂಗಿ ತನ್ನ ರೂಮಿಗೆ ಓಡಿದಳು. ಇಪ್ಪತ್ತೇಳು ಇಪ್ಪತ್ತೆಂಟರ ಹೆಂಗಸು, ಜೀನ್ಸು, ಕೈಯಲ್ಲಿ ಕಾರಿನ ಕೀ. ಮೂಗು ಅಪ್ಪನದೇ.

"ರೆಜಿಸ್ಟರ್ ಬರೀತಿದ್ರಲ್ಲ, ಅವರ ಮಗಳು."

ಒಳಗೆ ಕರೆದು ಕೂರಿಸಿದೆ. ಕಾಫಿ ಮಾಡಿಕೊಟ್ಟೆ. ಅವಳ ಹುದ್ದೆಯನ್ನೇ ತೆಗೆದುಹಾಕಿದ್ದೇವೆ ಎಂದು ಕಂಪನಿ ಹೇಳಿತ್ತಂತೆ. ಗ್ರೀನ್ ಕಾರ್ಡಿನ ಅರ್ಜಿ ಅದರ ಜತೆಗೇ ಹೋಯಿತು. ಟೆಕ್ಸಸ್‌ನಲ್ಲಿ ಒಂದು ಕಂಪನಿ ಕರೆದಿದೆ, ಅರ್ಜಿ ಮೊದಲಿನಿಂದ ಹಾಕಬೇಕು. ಅಪ್ಪನನ್ನು ಅಣ್ಣನ ಮನೆಗೆ ಬಿಟ್ಟಾಯಿತು. ಇದನ್ನೆಲ್ಲ ಯಾರದೋ ವಿಷಯದಂತೆ ಹೇಳಿದಳು. ನಾನು ಕ್ಷಮಿಸು ಎಂದೆ.

"ಅದಕ್ಕಲ್ಲ ನಾನು ಬಂದದ್ದು," ಎಂದಳು. "ಅಪ್ಪ ಹಾಳೆ ಇಟ್ಕೊಂಡದ್ದು ನಂಗೆ ಗೊತ್ತೇ ಇರ್ಲಿಲ್ಲ. ಸಮನ್ಸ್ ಬಂದಾಗಲೇ ಗೊತ್ತಾದದ್ದು. ಗೊತ್ತಿದ್ರೆ ನಾನೇ ಅವತ್ತು ಕಾರಲ್ಲಿ ಕರ್ಕೊಂಡು ಬಂದು ಕೊಡಿಸ್ತಿದ್ದೆ. ನಂಗೆ ಕೆಲಸ ಸಿಗುದಿಲ್ವಾ? ನಾನು ಇಂಜಿನಿಯರ್. ಅಪ್ಪನ ಕೈಲಿ ಸುಳ್ಳು ಹೇಳಿಸಿ ಕಾರ್ಡ್ ತಗೊಳ್ಳುವಷ್ಟು ಗತಿಗೆಟ್ಟಿರ್ಲಿಲ್ಲ. ನೀವು ಒಂದು ಫೋನ್ ಮಾಡ್ಬಹುದಿತ್ತಲ್ಲ?"

"ಸಾಕ್ಷಿಗಳ ಮನೆಗೆ ಫೋನ್ ಮಾಡೋ ಹಾಗಿಲ್ಲ. ನಿಯಮ."

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟು ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ಉಳಿದ ನಿಯಮ ಎಲ್ಲ ಮುರಿದಾದ ಮೇಲೆ ಅದೊಂದನ್ನು ಯಾಕೆ ಇಟ್ಕೊಂಡ್ರಿ?"

ಆರು ದಿನ ಅವಳ ಬದುಕನ್ನು ತಕ್ಕಡಿಯಲ್ಲಿಟ್ಟು ತೂಗಿದೆ ಎಂದುಕೊಂಡಿದ್ದೆ. ಅವಳ ಅಪ್ಪನೂ ತೂಗಿದ್ದರು. ಅವಳನ್ನು ಇಬ್ಬರೂ ಕೇಳಿರಲಿಲ್ಲ.

ಕಾಫಿ ಮುಗಿಸಿ ಎದ್ದಳು. ಬಾಗಿಲವರೆಗೆ ಹೋದೆ. ಅವಳು ಕಾರಿನ ಹತ್ತಿರ ಹೋಗುವಷ್ಟರಲ್ಲಿ ನೆನಪಾಗಿ, ಕೂಗಿ ನಿಲ್ಲಿಸಿ, ಅವಳ ಹೆಸರೇನೆಂದು ಕೇಳಿದೆ.